ತರಗೆಲೆ ತಿನ್ನುವವರ ಪಾಲು

ಬೆಂಗಳೂರಿನ ಕುಮಾರ ಪಾರ್ಕ್ ಬಡಾವಣೆಯಲ್ಲಿ ಎಲೆ ಉದುರುವುದು ಸಂಕ್ರಾಂತಿಯಿಂದ ಯುಗಾದಿಯವರೆಗೆ. ಹೊಂಗೆ, ಮಳೆಮರ, ಕಾಡುಬಾದಾಮಿಗಳು ತಮಗೆ ತೋಚಿದ ವಾರದಲ್ಲಿ ಬರಿದಾಗಿ ಮತ್ತೆ ಚಿಗುರುತ್ತವೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬಂದರೂ ಈ ಎರಡು ಮೂರು ತಿಂಗಳಲ್ಲಿ ಬೀಳುವುದು ಹನಿ ಲೆಕ್ಕ. ಹಾಗಾಗಿ ಬಿದ್ದ ಎಲೆ ಕೊಳೆಯದೆ ಗರಿಗರಿಯಾಗಿ ಬಿದ್ದಿರುತ್ತದೆ. ಏಪ್ರಿಲ್ ಕೊನೆಗೆ ಗುಡುಗು ಮಳೆ ಶುರುವಾದ ಮೇಲೆಯೇ ಅದಕ್ಕೆ ಬೂಷ್ಟು ಹತ್ತುವುದು, ಹುಳ ಬಾಯಿ ಹಾಕುವುದು. ಕಾಡಿನಲ್ಲಾದರೆ ಹೀಗೆ. ಕುಮಾರ ಪಾರ್ಕಿನಲ್ಲಿ ಮಳೆಗಿಂತ ಮೊದಲು ಪೊರಕೆ ಬರುತ್ತದೆ. ಈ ಪೊರಕೆಯ ವಿಷಯ ಸ್ವಲ್ಪ ತಡವಾಗಿ ಬರಲಿ. ಮೊದಲು ಗಾಳಿಯ ವಿಷಯ.

ಕೈಗಾರಿಕೆಗಳು ಬರುವ ಮೊದಲು ಗಾಳಿಯ ಪ್ರತಿ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಇದ್ದದ್ದು ಸುಮಾರು 280 ಭಾಗ. ಚಾರ್ಲ್ಸ್ ಡೇವಿಡ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಲ್ಲಿ ಅಳೆಯಲು ಕೂತಾಗ ಅದು 315ರ ಆಸುಪಾಸಿನಲ್ಲಿತ್ತು. ಈಗ 420 ದಾಟಿದೆ. ಈ ಅನಿಲ ಹೆಚ್ಚಿದರೆ ಶಾಖ ಹೆಚ್ಚುತ್ತದೆ, ಮಳೆ ಕೆಡುತ್ತದೆ ಎಂಬುದನ್ನು ಎಲ್ಲರೂ ಕೇಳಿದ್ದೇವೆ. ಆದರೆ ಮರಕ್ಕೆ ಇದು ನೇರ ಆಹಾರವೂ ಹೌದು. ಮರದ ಆಹಾರ ಬದಲಾದರೆ ಎಲೆ ಬದಲಾಗಬೇಕು. ಎಲೆ ಬದಲಾದರೆ ಅದು ಉದುರಿದ ಮೇಲೆ ಅದನ್ನೇ ನಂಬಿರುವ ಎರೆಹುಳ, ಗೆದ್ದಲು, ಸಹಸ್ರಪದಿ, ಬಸವನಹುಳು, ನುಸಿಗಳ ಗತಿ ಏನು? ಅಮೆರಿಕದ ಬಾಯ್ಡ್ ಸ್ಟ್ರೇನ್ ಮತ್ತು ಫಖ್ರಿ ಬಝಾಝ್ 1983ರಲ್ಲಿ ಈ ಸರಪಳಿಯನ್ನು ಒಂದು ಊಹೆಯಾಗಿ ಮುಂದಿಟ್ಟರು. ಹೆಚ್ಚು ಇಂಗಾಲ ಉಂಡ ಗಿಡದ ಎಲೆಯಲ್ಲಿ ಸಾರಜನಕದ ಪಾಲು ಕುಗ್ಗುತ್ತದೆ, ಅಂಥ ಎಲೆ ನಿಧಾನವಾಗಿ ಕೊಳೆಯುತ್ತದೆ, ಮಣ್ಣಿಗೆ ಮರಳುವ ಗೊಬ್ಬರ ಕಡಿಮೆಯಾಗುತ್ತದೆ, ಕೊನೆಗೆ ಮರದ ಬೆಳವಣಿಗೆಗೇ ಕಡಿವಾಣ ಬೀಳುತ್ತದೆ ಎಂಬುದು ಅವರ ತರ್ಕ. ಅಲ್ಲಿಂದ ಈಚೆಗೆ ನಾಲ್ಕು ದಶಕಗಳ ಪ್ರಯೋಗಗಳು ನಡೆದಿವೆ. ಊಹೆಯ ಮೊದಲ ಅರ್ಧ ನಿಂತಿದೆ, ಎರಡನೆಯ ಅರ್ಧ ಹುಳಗಳ ಬಾಯಲ್ಲಿ ಚೂರುಚೂರಾಗಿದೆ ಎಂದು ನನ್ನ ಓದು ಹೇಳುತ್ತದೆ.

ಮೊದಲ ಅರ್ಧದ ಕಾರಣಗಳು ಸರಳ. ಎಲೆ ಗಾಳಿಯಿಂದ ಇಂಗಾಲ ಹಿಡಿಯುವುದು ರುಬಿಸ್ಕೊ ಎಂಬ ಕಿಣ್ವದಿಂದ. ಎಲೆಯ ಸಾರಜನಕದಲ್ಲಿ ದೊಡ್ಡ ಪಾಲು ಈ ಒಂದು ಪ್ರೋಟೀನಿಗೇ ಖರ್ಚಾಗುತ್ತದೆ. ಗಾಳಿಯಲ್ಲಿ ಇಂಗಾಲ ಧಾರಾಳವಾದಾಗ ಅಷ್ಟು ಕಿಣ್ವ ಬೇಡ, ಗಿಡ ಅದನ್ನು ಕಡಿಮೆ ಮಾಡಿಕೊಳ್ಳುತ್ತದೆ. ಜೊತೆಗೆ ಎಲೆಯಲ್ಲಿ ಸಕ್ಕರೆ, ಪಿಷ್ಟ ತುಂಬಿಕೊಂಡು ಇದ್ದ ಸಾರಜನಕವೂ ತೆಳುವಾಗುತ್ತದೆ, ಅದೇ ಬೇಳೆಗೆ ಇನ್ನೊಂದು ಚೊಂಬು ನೀರು ಸುರಿದ ಸಾರಿನ ಹಾಗೆ. ಮಿಕ್ಕ ಇಂಗಾಲವನ್ನು ಗಿಡ ಲಿಗ್ನಿನ್, ಟ್ಯಾನಿನ್‌ಗಳಂಥ ಗಟ್ಟಿ, ಒಗರು ಪದಾರ್ಥಗಳಾಗಿ ಮಾಡಿಕೊಳ್ಳುವುದೂ ಉಂಟು. ಪ್ರಯೋಗಗಳಲ್ಲಿ ಹಸಿ ಎಲೆಯ ಸಾರಜನಕ ಸರಾಸರಿ ನೂರಕ್ಕೆ 14ರಷ್ಟು ಇಳಿದದ್ದು 1998ರಲ್ಲಿ ಫ್ರಾನ್ಸೆಸ್ಕಾ ಕೊಟ್ರುಫೊ ಮತ್ತು ಸಂಗಡಿಗರು ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ಲೆಕ್ಕ.

ಆದರೆ ಹುಳ ತಿನ್ನುವುದು ಹಸಿ ಎಲೆಯನ್ನಲ್ಲ. ಉದುರುವ ಮೊದಲು ಮರ ಎಲೆಯಲ್ಲಿರುವ ಸಾರಜನಕದ ಅರ್ಧದಷ್ಟನ್ನು, ಕೆಲವೊಮ್ಮೆ ಇನ್ನೂ ಹೆಚ್ಚನ್ನು, ರೆಂಬೆಗೆ ವಾಪಸು ಎಳೆದುಕೊಳ್ಳುತ್ತದೆ. ಎಲೆ ಹಳದಿಯಾಗುವುದು ಇದೇ ಕಾರಣಕ್ಕೆ. ಆರಂಭದ ಪ್ರಯೋಗಗಳಲ್ಲಿ ಎಷ್ಟೋ ಕಡೆ ಕುಂಡದ ಸಸಿಗಳ ಹಸಿರೆಲೆಯನ್ನು ಕಿತ್ತು ಒಣಗಿಸಿ ಅದನ್ನೇ ತರಗೆಲೆ ಎಂದು ಕರೆದಿದ್ದರು. ಸಹಜವಾಗಿ ಹಣ್ಣಾಗಿ ಬಿದ್ದ ಎಲೆಯನ್ನೇ ಅಳೆದರೆ ವ್ಯತ್ಯಾಸ ಕುಗ್ಗುತ್ತದೆ. ರಿಚರ್ಡ್ ನಾರ್ಬಿ ಮತ್ತು ಸಂಗಡಿಗರು 2001ರಲ್ಲಿ ಮಾಡಿದ ಸಮಗ್ರ ವಿಶ್ಲೇಷಣೆಯಲ್ಲಿ ತರಗೆಲೆಯ ಸಾರಜನಕ ನೂರಕ್ಕೆ 7.1ರಷ್ಟು ಕಡಿಮೆ, ಲಿಗ್ನಿನ್ 6.5ರಷ್ಟು ಹೆಚ್ಚು. ಕೊಳೆಯುವ ವೇಗದಲ್ಲಿ? ಸರಾಸರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ಏಳು ಭಾಗ ಎಂದರೆ ಎಷ್ಟು ಎಂದು ತಿಳಿಯಲು ವಿಜ್ಞಾನದ ಪುಸ್ತಕ ಬೇಡ, ಶಿರಸಿ ಕಡೆಯ ಅಡಿಕೆ ತೋಟಿಗರನ್ನು ಕೇಳಿದರೆ ಸಾಕು. ಉತ್ತರ ಕನ್ನಡದ ಸೊಪ್ಪಿನ ಬೆಟ್ಟಗಳಿಂದ ಹಸಿಸೊಪ್ಪು, ದರಕು ಎಂಬ ಒಣ ಎಲೆ ತಂದು ಕೊಟ್ಟಿಗೆಗೆ, ಅಲ್ಲಿಂದ ತೋಟಕ್ಕೆ ಹಾಕುವವರಿಗೆ ಯಾವ ಎಲೆ ಬೇಗ ಕರಗುತ್ತದೆ, ಯಾವುದು ಮುಂದಿನ ವರ್ಷವೂ ಹಾಗೇ ಬಿದ್ದಿರುತ್ತದೆ ಎಂಬುದು ಗೊತ್ತು. ಹಳೇ ಮೈಸೂರಿನ ರೈತರು ಗದ್ದೆಗೆ ಹೊಂಗೆಸೊಪ್ಪನ್ನೇ ತುಳಿದದ್ದು ಇದೇ ತಿಳಿವಿನಿಂದ. ಹೊಂಗೆ ದ್ವಿದಳ ಕುಲದ್ದು, ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆ. ಹೊಂಗೆಯ ಎಲೆಗೂ ಸಿಲ್ವರ್ ಓಕಿನ ಎಲೆಗೂ ಇರುವ ಅಂತರ ಏಳೆಂಟು ಭಾಗದ್ದಲ್ಲ, ಹಲವು ಪಟ್ಟಿನದು. ಗಾಳಿ ಎಲೆಯನ್ನು ಬದಲಿಸುವುದಕ್ಕಿಂತ ಹೆಚ್ಚಾಗಿ ಯಾವ ಮರವನ್ನು ನೆಟ್ಟಿದ್ದೇವೆ ಎಂಬುದು ಬದಲಿಸುತ್ತದೆ.

ಕುಮಾರ ಪಾರ್ಕಿನ ಮರಗಳ ಪಟ್ಟಿ ಮನುಷ್ಯರು ಬರೆದದ್ದೇ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್, ಒಂದರ ಹೂ ಮುಗಿಯುವಾಗ ಇನ್ನೊಂದು ಅರಳುವ ಹಾಗೆ ಬೀದಿಗಳಿಗೆ ಮರ ಆರಿಸಿದ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ಮುಂದಾಳ್ತನದಲ್ಲಿ ನಗರಕ್ಕೆ ಸುಮಾರು ಹದಿನೈದು ಲಕ್ಷ ಸಸಿಗಳು ಬಂದವು. ಕಣ್ಣಿಗೆ ಹೂ, ತಲೆಗೆ ನೆರಳು ಎಂದು ಇಬ್ಬರೂ ಯೋಚಿಸಿದರು, ಚೆನ್ನಾಗಿಯೇ ಯೋಚಿಸಿದರು. ಅಡಿಯಲ್ಲಿ ತಿನ್ನುವವರ ಪಟ್ಟಿಯನ್ನು ಯಾರೂ ಬರೆದಂತಿಲ್ಲ. ಆದರೂ ಅದೃಷ್ಟಕ್ಕೆ ಹೊಂಗೆ, ಮಳೆಮರ ಎರಡೂ ದ್ವಿದಳ ಕುಲದವು. ತಮ್ಮ ಸಾರಜನಕವನ್ನು ತಾವೇ ದುಡಿಯುವ ಗಿಡಗಳಲ್ಲಿ ಇಂಗಾಲ ಹೆಚ್ಚಿದಾಗ ಆಗುವ ಇಳಿತ ಸಾಮಾನ್ಯವಾಗಿ ಕಡಿಮೆ.

ಈಗ ತಿನ್ನುವವರ ಕಡೆಗೆ. ಎರೆಹುಳದ ಮೈಯಲ್ಲಿ ಒಂದು ಪಾಲು ಸಾರಜನಕಕ್ಕೆ ನಾಲ್ಕೈದು ಪಾಲು ಇಂಗಾಲ. ಒಣ ಎಲೆಯಲ್ಲಿ ಅದೇ ಒಂದು ಪಾಲಿಗೆ ಮೂವತ್ತು, ಐವತ್ತು, ಎಂಬತ್ತು. ಅಂದರೆ ತರಗೆಲೆ ತಿನ್ನುವವರು ಹುಟ್ಟಿದಂದಿನಿಂದ ಕಳಪೆ ಊಟದಲ್ಲೇ ಬದುಕುವವರು. ಅವರಿಗೆ ಅದಕ್ಕೆ ಉಪಾಯಗಳೂ ಗೊತ್ತು. ಕೆಲವರು ಹೆಚ್ಚು ತಿಂದು ಕೊರತೆ ತುಂಬಿಸಿಕೊಳ್ಳುತ್ತಾರೆ. ಬಹುಪಾಲು ಹುಳಗಳು ಎಲೆ ಬಿದ್ದ ಕೂಡಲೇ ತಿನ್ನದೆ ಬೂಷ್ಟು, ಬ್ಯಾಕ್ಟೀರಿಯಾಗಳು ಅದನ್ನು ಮೆತ್ತಗೆ ಮಾಡುವವರೆಗೆ ಕಾಯುತ್ತವೆ. ಎಲೆಗಿಂತ ಹೆಚ್ಚಾಗಿ ಅದರ ಮೇಲೆ ಬೆಳೆದ ಶಿಲೀಂಧ್ರವೇ ಅವುಗಳ ಪೌಷ್ಟಿಕ ಭಾಗ. ಇನ್ನು ಗಾಳಿಯಲ್ಲಿರುವ ಅನಿಲದಿಂದಲೇ ನೇರ ತೊಂದರೆಯೇ ಎಂದರೆ, ಇಲ್ಲವೆನ್ನಬಹುದು. ಬೇರು, ಸೂಕ್ಷ್ಮಾಣುಗಳ ಉಸಿರಿನಿಂದ ಮಣ್ಣಿನ ಸಂದುಗಳಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗಿನ ಗಾಳಿಗಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಹುತ್ತದೊಳಗಂತೂ ಕೇಳುವುದೇ ಬೇಡ. 280 ಹೋಗಿ 420 ಆದದ್ದು ಅಲ್ಲಿನವರಿಗೆ ಮೂಗಿಗೂ ಬಡಿದಿರಲಾರದು.

ಇವೆಲ್ಲ ಸೇರಿದಾಗ ಏನಾಗುತ್ತದೆ ಎಂಬುದಕ್ಕೆ ಈ ಇಡೀ ಸಾಹಿತ್ಯದಲ್ಲಿ ನನಗೆ ಅತಿ ಮೆಚ್ಚಿಗೆಯಾದದ್ದು ಫ್ರಾನ್ಸಿನ ಒಂದು ಪುಟ್ಟ ಪ್ರಯೋಗ. 1991ರಲ್ಲಿ ಮಾರಿ ಮಡಲೀನ್ ಕೂಟೊ ಮತ್ತು ಸಂಗಡಿಗರು ಚೆಸ್ಟ್‌ನಟ್ ಮರದ ಎರಡು ಬಗೆಯ ಎಲೆ ತೆಗೆದುಕೊಂಡರು, ಮಾಮೂಲಿ ಗಾಳಿಯದು ಮತ್ತು ಇಂಗಾಲ ಹೆಚ್ಚಿಸಿದ ಗಾಳಿಯದು. ಕೆಲವು ಪಾತ್ರೆಗಳಲ್ಲಿ ಬರೀ ಸೂಕ್ಷ್ಮಾಣು, ಏಕಕೋಶ ಜೀವಿಗಳನ್ನು ಬಿಟ್ಟರು. ಕೆಲವಕ್ಕೆ ದುಂಡುಹುಳಗಳನ್ನು ಸೇರಿಸಿದರು. ಮತ್ತೆ ಕೆಲವಕ್ಕೆ ಸ್ಪ್ರಿಂಗ್‌ಟೇಲ್ ಎಂಬ ಚಿಮ್ಮುವ ಪುಟಾಣಿಗಳನ್ನೂ ಮುಟ್ಟಿದರೆ ಕೆಲವು ಜಾತಿಗಳು ಉಂಡೆಯಾಗುವ ಬೂದುಬಣ್ಣದ ವುಡ್‌ಲೌಸ್ ಬಳಗದವರನ್ನೂ. ಸೂಕ್ಷ್ಮಾಣುಗಳಷ್ಟೇ ಇದ್ದಲ್ಲಿ ಸ್ಟ್ರೇನ್ ಮತ್ತು ಬಝಾಝ್ ಹೇಳಿದಂತೆಯೇ ಆಯಿತು: ಇಂಗಾಲ ಹೆಚ್ಚು ಉಂಡ ಎಲೆ ನಿಧಾನಕ್ಕೆ ಕೊಳೆಯಿತು. ತಿನ್ನುವವರ ಬಳಗ ದೊಡ್ಡದಾದಂತೆ ಫಲಿತಾಂಶ ತಲೆಕೆಳಗಾಯಿತು, ಕಳಪೆ ಎನ್ನಿಸಿಕೊಂಡ ಎಲೆಯೇ ಕೊನೆಕೊನೆಗೆ ಹೆಚ್ಚು ಕರಗಿತು. ಹುಳಗಳು ಕತ್ತರಿಸಿ, ಹಿಕ್ಕೆ ಹಾಕಿ, ಶಿಲೀಂಧ್ರವನ್ನು ಮೇಯ್ದು ಮತ್ತೆ ಚಿಗುರಿಸಿ ಎಲೆಯ ರಸಾಯನಶಾಸ್ತ್ರವನ್ನೇ ಮೀರಿದವು. ಈ ಪ್ರಯೋಗ ಚಿಕ್ಕದು, ಪ್ರಯೋಗಾಲಯದ್ದು, ಒಂದೇ ಮರದ್ದು ಎಂಬ ತಕರಾರು ನ್ಯಾಯವೇ. ಆದರೆ ಪ್ರಶ್ನೆಯನ್ನು ಎಲ್ಲಿ ಕೇಳಬೇಕು ಎಂಬುದನ್ನು ಅದು ತೋರಿಸಿಕೊಟ್ಟಿತು.

ಆಮೇಲಿನ ಅಧ್ಯಯನಗಳು ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಇಂಗ್ಲೆಂಡಿನಲ್ಲಿ ಆ್ಯಶ್ ಮರದ ಎಲೆಯನ್ನು ವುಡ್‌ಲೌಸ್‌ಗಳು ಕಡಿಮೆ ತಿಂದವು. ಸ್ವಿಟ್ಜರ್ಲೆಂಡಿನಲ್ಲಿ ಸ್ಟೆಫಾನ್ ಹ್ಯಾಟೆನ್‌ಶ್ವಿಲರ್ ಮತ್ತು ಸಂಗಡಿಗರ ಪ್ರಯೋಗದಲ್ಲಿ ಮರದಿಂದ ಮರಕ್ಕೆ ಉತ್ತರ ಬೇರೆಯಾಯಿತು. ಅದೇ ಸ್ವಿಟ್ಜರ್ಲೆಂಡಿನ ಹುಲ್ಲುಗಾವಲಲ್ಲಿ ಎರೆಹುಳಗಳು ಹೆಚ್ಚು ಹಿಕ್ಕೆ ಹಾಕಿದವು. ಕಾರಣವನ್ನು ಬಹುಶಃ ನೀರಿನಲ್ಲಿ ಹುಡುಕಬೇಕು. ಗಾಳಿಯಲ್ಲಿ ಇಂಗಾಲ ಹೆಚ್ಚಿದ್ದರೆ ಗಿಡ ಎಲೆಯ ರಂಧ್ರಗಳನ್ನು ಅರೆ ಮುಚ್ಚಿಕೊಂಡು ನೀರು ಉಳಿಸುತ್ತದೆ, ಮಣ್ಣು ಒಂದಿಷ್ಟು ಹೆಚ್ಚು ದಿನ ತೇವವಾಗಿರುತ್ತದೆ, ಎರೆಹುಳಕ್ಕೆ ಅದೇ ಹಬ್ಬ.

ಹರಿಯುವ ನೀರಿನಲ್ಲಿ ಚಿತ್ರ ಇನ್ನೂ ಕಠೋರ. ಅಮೆರಿಕದ ನ್ಯಾನ್ಸಿ ಟಕ್‌ಮನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಇಂಗಾಲದಲ್ಲಿ ಬೆಳೆದ ಆಸ್ಪೆನ್ ಮರದ ಎಲೆ ತಿಂದ ಟಿಪ್ಯುಲಾ ನೊಣದ ಮರಿಗಳು ಮಾಮೂಲಿ ಎಲೆ ತಿಂದವುಗಳಿಗಿಂತ ಹನ್ನೆರಡು ಪಟ್ಟು ನಿಧಾನವಾಗಿ ಬೆಳೆದವು. ಎಲೆ ಒಗರಾಗಿತ್ತು, ಅದರ ಮೇಲೆ ಬ್ಯಾಕ್ಟೀರಿಯಾಗಳೂ ಸರಿಯಾಗಿ ಬೆಳೆಯಲಿಲ್ಲ. ಮರುವರ್ಷ ಅವರೇ ಸೊಳ್ಳೆಮರಿಗಳಿಗೆ ಇಂಥ ಎಲೆ ಕೊಟ್ಟು ನೋಡಿದಾಗ ಸಾವು ಹೆಚ್ಚಿತು. ಡೆಂಗ್ಯೂವಿನಿಂದ ಬೇಸತ್ತ ಬೆಂಗಳೂರಿಗರು ಇದನ್ನು ಓದಿ ಖುಷಿಪಡುವ ಮೊದಲು ಫ್ಲಾರಿಡಾದ ಸಂಗತಿಯನ್ನೂ ಕೇಳಬೇಕು. ಅಲ್ಲಿ ಓಕ್ ಎಲೆ ನೆನೆಸಿದ ಪಾತ್ರೆಗಳಲ್ಲಿ ನಮ್ಮ ಮನೆಯಂಗಳದ ಏಷ್ಯಾ ಹುಲಿಸೊಳ್ಳೆಯನ್ನು ಬೇರೊಂದು ಸೊಳ್ಳೆಯ ಜೊತೆ ಪೈಪೋಟಿಗೆ ಬಿಟ್ಟಾಗ ಇಂಗಾಲದಿಂದ ಗೆಲುವು ಸೋಲು ಬದಲಾಗಲಿಲ್ಲ. ತಾರಸಿಯ ಮೋರಿಯಲ್ಲಿ ಕಟ್ಟಿಕೊಂಡ ಎಲೆ ತೆಗೆಯುವ ಕೆಲಸದಿಂದ ವಾತಾವರಣ ನಮ್ಮನ್ನು ಬಿಡುಗಡೆ ಮಾಡುವುದಿಲ್ಲ.

ದೊಡ್ಡ ಪ್ರಯೋಗಗಳೆಂದರೆ ಕಾಡಿನ ಮಧ್ಯೆ ಮರಗಳ ಸುತ್ತ ಕೊಳವೆ, ಗೋಪುರ ನಿಲ್ಲಿಸಿ ವರ್ಷಗಟ್ಟಲೆ ಅನಿಲ ಬಿಡುವಂಥವು. ಅವು ಬಹುಪಾಲು ತಂಪು ನಾಡುಗಳಲ್ಲೇ ನಡೆದಿವೆ: ಉತ್ತರ ಕೆರೊಲಿನಾದ ಪೈನ್, ವಿಸ್ಕಾನ್ಸಿನ್‌ನ ಆಸ್ಪೆನ್, ಟೆನೆಸಿಯ ಸ್ವೀಟ್‌ಗಮ್. ಟೆನೆಸಿಯ ಓಕ್ ರಿಜ್‌ನಲ್ಲಿ ಮೊದಮೊದಲು ಕಾಡಿನ ಉತ್ಪಾದನೆ ನೂರಕ್ಕೆ 24ರಷ್ಟು ಏರಿ, 2008ರ ಹೊತ್ತಿಗೆ ಆ ಏರಿಕೆ 9ಕ್ಕೆ ಇಳಿಯಿತು. ಸಾರಜನಕ ಸಾಲದೆ ಹೋಯಿತು. ನಮಗೆ ಹತ್ತಿರದ್ದು ಎನ್ನಬಹುದಾದ ಒಂದೇ ಪ್ರಯೋಗ ಆಸ್ಟ್ರೇಲಿಯಾದ ಸಿಡ್ನಿ ಬಳಿಯದು, 2012ರಿಂದ ನಡೆದಿರುವುದು. ಅಲ್ಲಿರುವ ಮುಖ್ಯ ಮರ ಯೂಕಲಿಪ್ಟಸ್ ಟೆರೆಟಿಕಾರ್ನಿಸ್. ಕೋಲಾರ, ಬೆಂಗಳೂರು ಗ್ರಾಮಾಂತರದವರು ನೀಲಗಿರಿ ಎಂದು ಬಲ್ಲ, ನಂದಿಬೆಟ್ಟದಿಂದ ಹಬ್ಬಿ ಅರಣ್ಯ ಇಲಾಖೆಯ ಕಡತಗಳಲ್ಲಿ ಮೈಸೂರು ಗಮ್ ಎನಿಸಿಕೊಂಡ ಅದೇ ಮರ. ಅಲ್ಲಿನ ಮಣ್ಣಿನಲ್ಲಿ ರಂಜಕ ತೀರಾ ಕಡಿಮೆ. ಎಲೆಗಳು ಸುಮಾರು ಐದನೇ ಒಂದು ಪಾಲಿನಷ್ಟು ಹೆಚ್ಚು ಇಂಗಾಲ ಹಿಡಿದರೂ ಕಾಂಡ ದಪ್ಪಗಾಗಲಿಲ್ಲ. ಹಿಡಿದ ಹೆಚ್ಚುವರಿ ಇಂಗಾಲದಲ್ಲಿ ಅರ್ಧದಷ್ಟು ಮಣ್ಣಿನ ಉಸಿರಾಗಿ ಮತ್ತೆ ಗಾಳಿ ಸೇರಿತು. ನಮ್ಮ ಕೆಂಪುಮಣ್ಣೂ ರಂಜಕದಲ್ಲಿ ಶ್ರೀಮಂತವಲ್ಲ. ಹಾಗಾಗಿ ತಂಪು ನಾಡಿನವರು ಸಾರಜನಕದ ಬಗ್ಗೆ ಕೇಳಿದ್ದನ್ನು ನಾವು ರಂಜಕದ ಬಗ್ಗೆ ಕೇಳಬೇಕಾಗಬಹುದು.

ನಮ್ಮಲ್ಲಿ ಕಾಡಿನ ಮಧ್ಯೆ ಇಂಥ ಗಾಳಿಯ ಪ್ರಯೋಗ ಇಲ್ಲದಿದ್ದರೂ ತಿನ್ನುವವರ ಬಗ್ಗೆ ತಿಳಿವಳಿಕೆ ಇದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಜಿ. ಕೆ. ವೀರೇಶ್ ಮಣ್ಣಿನ ಜೀವಿಗಳ ಅಧ್ಯಯನಕ್ಕೆ ನೆಲೆ ಕೊಟ್ಟರು. ಅಲ್ಲೇ ರಾಧಾ ಡಿ. ಕಾಳೆ ಎರೆಹುಳ ಗೊಬ್ಬರವನ್ನು ರೈತರ ಅಂಗಳಕ್ಕೆ ತಂದರು. ಮಂಗಳೂರು ವಿಶ್ವವಿದ್ಯಾಲಯದ ಕೆ. ಆರ್. ಶ್ರೀಧರ್ ಮತ್ತು ಕೆ. ಎಂ. ಅಶ್ವಿನಿ ಅವರು ಆರ್ಥ್ರೋಸ್ಫೇರಾ ಎಂಬ, ಹೆದರಿದರೆ ಗೋಲಿಯಾಗಿ ಸುತ್ತಿಕೊಳ್ಳುವ ಸಹಸ್ರಪದಿ ಯಾವ ತೋಟದ ಯಾವ ಎಲೆಯನ್ನು ಮೆಚ್ಚುತ್ತದೆ, ತಿಂದದ್ದನ್ನು ಎಂಥ ಗೊಬ್ಬರ ಮಾಡುತ್ತದೆ ಎಂದು ವರ್ಷಗಟ್ಟಲೆ ನೋಡಿದ್ದಾರೆ. ದಕ್ಷಿಣ ಭಾರತ, ಶ್ರೀಲಂಕಾಗಳ ಈ ಜೀವಿಗೆ ಸಾವಯವ ಗೊಬ್ಬರ ಹಾಕಿದ ತೋಟವೇ ಇಷ್ಟ. ಊರಿನವರು ತಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಅವರ ತಂಡ ಓಡಾಂಟೊಟರ್ಮಿಸ್ ಗೆದ್ದಲಿನ ಹುತ್ತಗಳನ್ನು ಬಿಚ್ಚಿ ಓದಿದೆ. ಈ ಗೆದ್ದಲು ತಿಂದ ಎಲೆ, ಕಟ್ಟಿಗೆಯನ್ನು ಹುತ್ತದೊಳಗಿನ ಶಿಲೀಂಧ್ರದ ತೋಟಕ್ಕೆ ಹಾಕುತ್ತದೆ. ಹೆಚ್ಚಿನ ಇಂಗಾಲವನ್ನು ಶಿಲೀಂಧ್ರ ಉಸಿರಾಗಿ ಹೊರಹಾಕಿ ಉಳಿದದ್ದನ್ನು ಪೌಷ್ಟಿಕವಾಗಿಸಿ ಕೊಡುತ್ತದೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ, ನಾವು ಸಾರು ಮಾಡಿ ತಿನ್ನುವ ಅಣಬೆ ಆ ತೋಟದ್ದೇ. ಸಾರಜನಕ ಕಡಿಮೆಯಾದ ಎಲೆಯನ್ನು ಅರಗಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಏರ್ಪಾಡು ಕಲ್ಪಿಸುವುದು ಕಷ್ಟ. ಯುರೋಪಿನ ವುಡ್‌ಲೌಸ್ ನೋಡಿ ನಮ್ಮ ಮಣ್ಣಿಗೆ ಭವಿಷ್ಯ ಹೇಳುವವರು ಈ ಗೆದ್ದಲನ್ನು ಮರೆಯಬಾರದು. ನಗರದ ತೋಟಗಳಲ್ಲಿ ಇನ್ನೊಬ್ಬ ಅತಿಥಿ ಬೇರೆ: 1847ರಲ್ಲಿ ಕಲ್ಕತ್ತೆಯಲ್ಲಿ ಬಿಟ್ಟ ಆಫ್ರಿಕಾದ ದೈತ್ಯ ಬಸವನಹುಳು ಈಗ ಬೆಂಗಳೂರಿನ ಮಳೆಗಾಲದ ಕಾಂಪೌಂಡು ಗೋಡೆಗಳಲ್ಲಿ ಹಾಜರು. ಕೊಳೆತದ್ದು, ಹಸಿರು ಎರಡೂ ಅದಕ್ಕೆ ಸರಿ. ಇದರ ಬಾಯಿಗೆ ಎಲೆಯ ಲಿಗ್ನಿನ್ ಆರೂವರೆ ಭಾಗ ಹೆಚ್ಚಾದರೆ ಏನು, ಬಿಟ್ಟರೆ ಏನು!

ನಗರ ಒಂದು ಲೆಕ್ಕದಲ್ಲಿ ತಾನಾಗಿಯೇ ನಡೆದಿರುವ ಪ್ರಯೋಗ. ವಾಹನ, ಅಡುಗೆ, ಜನರೇಟರ್‌ಗಳಿಂದ ಇಲ್ಲಿ ಇಂಗಾಲವೂ ಹೆಚ್ಚು, ಶಾಖವೂ ಹೆಚ್ಚು. ಅಮೆರಿಕದ ಬಾಲ್ಟಿಮೋರಿನಲ್ಲಿ ಲೂಯಿಸ್ ಝಿಸ್ಕಾ ಅಳೆದಾಗ ನಗರ ಮಧ್ಯದ ಗಾಳಿಯಲ್ಲಿ ಹಳ್ಳಿಗಿಂತ ನೂರಕ್ಕೆ ಸುಮಾರು ಮೂವತ್ತರಷ್ಟು ಹೆಚ್ಚು ಇಂಗಾಲದ ಡೈಆಕ್ಸೈಡ್ ಇತ್ತು, ಎರಡು ಡಿಗ್ರಿಯಷ್ಟು ಹೆಚ್ಚು ಬಿಸಿ ಇತ್ತು. ವಾಹನದ ಹೊಗೆಯ ಸಾರಜನಕವೂ ಮಳೆಯೊಡನೆ ಮಣ್ಣಿಗಿಳಿಯುವುದರಿಂದ ಲೆಕ್ಕ ಇನ್ನಷ್ಟು ಗೋಜಲು. ನ್ಯೂಯಾರ್ಕಿನಲ್ಲಿ 1990ರ ದಶಕದಲ್ಲಿ ನಗರದ ಓಕ್ ಕಾಡುಗಳನ್ನೂ ಹಳ್ಳಿಯ ಓಕ್ ಕಾಡುಗಳನ್ನೂ ಹೋಲಿಸಿ ನೋಡಿದವರಿಗೆ ಕಂಡದ್ದು ಹೀಗೆ: ನಗರದ ಮರದ ಎಲೆ ಗುಣದಲ್ಲಿ ಕಳಪೆ, ಅದೇ ನೆಲದಲ್ಲಿ ಇಟ್ಟರೆ ನಿಧಾನವಾಗಿ ಕೊಳೆಯುವಂಥದ್ದು. ಆದರೂ ನಗರದ ಕಾಡುಗಳಲ್ಲಿ ಎಲೆ ಬೇಗ ಕರಗುತ್ತಿತ್ತು. ಅಲ್ಲಿ ಶಾಖ ಹೆಚ್ಚಿತ್ತು, ಹೊರನಾಡಿನಿಂದ ಬಂದ ಎರೆಹುಳಗಳು ತುಂಬಿದ್ದವು. ಕೂಟೊ ಅವರ ಪುಟ್ಟ ಪಾತ್ರೆಗಳಲ್ಲಿ ಕಂಡ ಮಾತೇ ಇಡೀ ಕಾಡಿನ ಅಳತೆಯಲ್ಲಿ ಮತ್ತೆ ಕಾಣಿಸಿತು.

ಹೀಗಾಗಿ ಕುಮಾರ ಪಾರ್ಕಿಗೆ ಈ ಇಡೀ ವಿಜ್ಞಾನ ಹೇಳುವುದು ಗಾಳಿಗಿಂತ ಹೆಚ್ಚಾಗಿ ಪೊರಕೆಯ ಬಗ್ಗೆ. ತಿನ್ನುವವರು ಇದ್ದಾರೆಯೇ, ಅವರಿಗೆ ಎಲೆ ಸಿಗುತ್ತದೆಯೇ ಎಂಬ ಎರಡು ಪ್ರಶ್ನೆಗಳ ಮುಂದೆ ಎಲೆಯ ಸಾರಜನಕದ ಏಳು ಭಾಗ ಚಿಲ್ಲರೆ. ಬೀದಿಮರದ ಬುಡಕ್ಕೆ ಉಳಿದಿರುವುದು ಕಾಂಕ್ರೀಟಿನ ನಡುವೆ ಒಂದು ಗುಳಿ. ಬಿದ್ದ ಎಲೆ ಬೆಳಗಾದರೆ ಗುಡ್ಡೆಯಾಗುತ್ತದೆ, ಗುಡ್ಡೆ ಲಾರಿ ಹತ್ತುತ್ತದೆ ಇಲ್ಲವೇ ಬೆಂಕಿ ಕಾಣುತ್ತದೆ. ಗುಡಿಸುವ ಪೌರಕಾರ್ಮಿಕರನ್ನು ಅನ್ನುವ ಹಾಗಿಲ್ಲ. ಬೀದಿ ನುಣ್ಣಗಿರಬೇಕು ಎನ್ನುವುದು ಮನೆಗಳೊಳಗಿನ ನಮ್ಮ ಹಟ. ಬೆಂಕಿಯ ಮಟ್ಟಿಗೆ ಕಾನೂನು ಸ್ಪಷ್ಟವಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಬಯಲಲ್ಲಿ ಕಸ ಸುಡುವುದಕ್ಕೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡ ಎಂದಿತು. ಉದ್ಯಾನದ ಕಸವನ್ನು ಪ್ರತ್ಯೇಕವಾಗಿ ಸಂಗ್ರಹಿಸಿ ಆದಷ್ಟೂ ಉದ್ಯಾನದಲ್ಲೇ ಸಂಸ್ಕರಿಸಬೇಕೆಂದು ಅದೇ ವರ್ಷದ ಘನತ್ಯಾಜ್ಯ ನಿಯಮಗಳು ಹೇಳಿದವು. ಎಲೆ ಸುಟ್ಟಾಗ ಮಣ್ಣು ತಿಂಗಳುಗಟ್ಟಲೆ ಸಾವಕಾಶವಾಗಿ ಬಿಡಬೇಕಾಗಿದ್ದ ಇಂಗಾಲ ಒಂದೇ ಗಳಿಗೆಯಲ್ಲಿ ಗಾಳಿ ಸೇರುತ್ತದೆ, ಅದರ ಸಾರಜನಕವೂ ಬಹುಪಾಲು ಹೊಗೆಯಾಗುತ್ತದೆ.

ಇಲ್ಲಿಂದ ಮುಂದೆ ತಿಳಿಯಬೇಕಾದದ್ದಕ್ಕೆ ಗೋಪುರ, ಕೊಳವೆ ಬೇಕಿಲ್ಲ. ಮಲ್ಲೇಶ್ವರ, ಶೇಷಾದ್ರಿಪುರದ ಯಾವುದಾದರೂ ಕಾಲೇಜಿನ ಬಿ.ಎಸ್ಸಿ. ವಿದ್ಯಾರ್ಥಿಗಳು ಎರಡು ಬಗೆಯ ನೈಲಾನ್ ಬಲೆ ತಂದು ಚೀಲ ಹೊಲಿಯಬಹುದು, ಒಂದರ ಕಣ್ಣು ನುಸಿಯೂ ನುಗ್ಗದಷ್ಟು ಸಣ್ಣದು, ಇನ್ನೊಂದರದು ಸಹಸ್ರಪದಿ ಹಾಯುವಷ್ಟು ದೊಡ್ಡದು. ಹಣ್ಣಾಗಿ ಬಿದ್ದ ಹೊಂಗೆ ಎಲೆಯನ್ನೂ ಸಿಲ್ವರ್ ಓಕ್ ಎಲೆಯನ್ನೂ ಒಣಗಿಸಿ, ತೂಗಿ, ಎರಡರಲ್ಲೂ ತುಂಬಿ, ಶಿವರಾತ್ರಿಯ ಹೊತ್ತಿಗೆ ಉದ್ಯಾನದ ತೆರೆದ ಮಣ್ಣಿನಲ್ಲಿ ಕೆಲವನ್ನು, ರಸ್ತೆಬದಿಯ ಗುಳಿಗಳಲ್ಲಿ ಕೆಲವನ್ನು ಇಟ್ಟು, ದಸರೆಯವರೆಗೆ ತಿಂಗಳಿಗೊಂದರಂತೆ ತೆಗೆದು ತೂಗಬೇಕು. ಸಣ್ಣ ಕಣ್ಣಿನ ಚೀಲಕ್ಕೂ ದೊಡ್ಡ ಕಣ್ಣಿನ ಚೀಲಕ್ಕೂ ಬರುವ ತೂಕದ ವ್ಯತ್ಯಾಸವೇ ಹುಳಗಳ ಪಾಲು. ಅದಕ್ಕೂ ಮೊದಲು ಗುಡಿಸುವವರಿಗೆ ಹೇಳಿ, ಚೀಲಗಳ ಪಕ್ಕ ಒಂದು ಫಲಕ ನೆಡಬೇಕು.